ಖಾಕಿ ತೊಡುವ ಮುನ್ನ: ವಿಧಾನ ತಪ್ಪಿದ ತನಿಖೆಯಿಂದ ನ್ಯಾಯ ಸಿಗದು

ಧಾರವಾಡದ ಸಪ್ತಾಪುರದಲ್ಲಿ, ವಿಜಯಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಪಿಎಸ್‌ಐ ಮತ್ತು ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರಿಗೆ ಲೆಕ್ಕವಿಲ್ಲ. ಬೆಳಗಿನ ಜಾವ ಮೈದಾನದಲ್ಲಿ ಓಟ, ಹಗಲು ಗ್ರಂಥಾಲಯ, ರಾತ್ರಿ ಮಾದರಿ ಪ್ರಶ್ನೆಪತ್ರಿಕೆ. ಅವರ ನೋಟ್‌ಬುಕ್ಕಿನಲ್ಲಿ ಕಾನೂನು ಎಂದರೆ ಬಹುಮಟ್ಟಿಗೆ ಒಂದು ಪಟ್ಟಿ. ಕೊಲೆಗೆ ಹಿಂದೆ ಕಲಂ 302, ಈಗ 103. ವಂಚನೆಗೆ ಹಿಂದೆ 420, ಈಗ 318. ಕಳವಿಗೆ ಹಿಂದೆ 379, ಈಗ 303. ಪರೀಕ್ಷೆ ಪಾಸಾಗಲು ಈ ಪಟ್ಟಿ ಬೇಕು, ನಿಜ. ಆದರೆ ಠಾಣೆಯ ಬಾಗಿಲಲ್ಲಿ ಅಳುತ್ತಾ ನಿಂತ ಫಿರ್ಯಾದಿಯ ಎದುರು, ಲಾಕಪ್ಪಿನಲ್ಲಿ ಕುಳಿತ ಆರೋಪಿಯ ಎದುರು, ಕೊನೆಗೆ ನ್ಯಾಯಾಲಯದ ಕಟಕಟೆಯಲ್ಲಿ ಅಧಿಕಾರಿಯ ಕೈ ಹಿಡಿಯುವುದು ಪಟ್ಟಿಯಲ್ಲ, ವಿಧಾನ.

ವಿಧಾನ ಎಂದರೆ ತನಿಖೆಗೆ ಅಡ್ಡಿ, ಅದು ಕಳ್ಳನಿಗೆ ಅನುಕೂಲ ಮಾಡಿಕೊಡುವ ಕಾಗದದ ಕೆಲಸ ಎಂಬ ನಂಬಿಕೆ ಇಲಾಖೆಯ ಒಳಗೂ ಇದೆ, ಹೊರಗೂ ಇದೆ. ಸಿನಿಮಾಗಳು ಅದಕ್ಕೆ ನೀರೆರೆದಿವೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಪೊಲೀಸರಿಗೆ ಕಾನೂನು ಕೊಟ್ಟಿರುವ ಬಲವೆಲ್ಲ ಇರುವುದು ವಿಧಾನದಲ್ಲೇ. ಅದನ್ನು ಬಿಟ್ಟ ಅಧಿಕಾರಿ ಒಂದೋ ತಪ್ಪಿತಸ್ಥನನ್ನು ಕೈಚೆಲ್ಲುತ್ತಾನೆ, ಇಲ್ಲವೇ ನಿರಪರಾಧಿಯನ್ನು ಜೈಲಿಗೆ ಕಳಿಸುತ್ತಾನೆ. ಇದನ್ನು ಒಂದು ಸಾಮಾನ್ಯ ಪ್ರಕರಣದ ಮೂಲಕ ನೋಡೋಣ.

ಅದಕ್ಕೂ ಮೊದಲು ಚೌಕಟ್ಟಿನ ಬಗ್ಗೆ ನಾಲ್ಕು ಮಾತು. 2024ರ ಜುಲೈ 1ರಿಂದ ಮೂರು ಹೊಸ ಕಾನೂನುಗಳು ಜಾರಿಯಲ್ಲಿವೆ. 1860ರ ಐಪಿಸಿ ಜಾಗಕ್ಕೆ 358 ಕಲಂಗಳ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಬಂದಿದೆ. ಯಾವುದು ಅಪರಾಧ, ಅದಕ್ಕೆ ಎಷ್ಟು ಶಿಕ್ಷೆ ಎಂದು ಹೇಳುವುದು ಇದು. 1973ರ ಸಿಆರ್‌ಪಿಸಿ ಬದಲಿಗೆ 531 ಕಲಂಗಳ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಿಎನ್‌ಎಸ್‌ಎಸ್. ದೂರು, ದಸ್ತಗಿರಿ, ಶೋಧನೆ, ವಿಚಾರಣೆ ಹೇಗೆ ನಡೆಯಬೇಕು ಎಂಬುದು ಇದರಲ್ಲಿದೆ. 1872ರ ಸಾಕ್ಷ್ಯ ಕಾಯ್ದೆಯ ಬದಲಿಗೆ 170 ಕಲಂಗಳ ಭಾರತೀಯ ಸಾಕ್ಷ್ಯ ಅಧಿನಿಯಮ. ನ್ಯಾಯಾಲಯ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂಬುದನ್ನು ಇದು ನಿರ್ಧರಿಸುತ್ತದೆ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಇವತ್ತು ದೂರು ಬಂದರೂ ಹಳೆಯ ಐಪಿಸಿ ಕಲಮೇ ಅನ್ವಯ. ಹಾಗಾಗಿ ಹಳೆಯ ಪುಸ್ತಕವನ್ನು ಯಾರೂ ರದ್ದಿಗೆ ಹಾಕಬೇಡಿ.

ಮೊದಲ ಗಂಟೆಯ ಪ್ರಶ್ನೆಗಳು

ಸಂಜೆ ಏಳೂವರೆ. ಮಧ್ಯವಯಸ್ಸಿನ ಹೆಂಗಸೊಬ್ಬರು ಠಾಣೆಗೆ ಬರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಕೊರಳಿನ ಮಾಂಗಲ್ಯ ಸರ ಕಿತ್ತುಕೊಂಡು ಹೋಗಿದ್ದಾರೆ. ನಮ್ಮ ಊರುಗಳಲ್ಲಿ ಇದು ಅಪರೂಪದ ದೂರಲ್ಲ. ಇಂಥ ಹೊತ್ತಿನಲ್ಲಿ ಠಾಣೆಯ ಬಾಯಿಂದ ಬರುವ ಅತ್ಯಂತ ಕೆಟ್ಟ ಮಾತು, ‘ಇದು ನಮ್ಮ ಸರಹದ್ದಲ್ಲ, ಆ ಠಾಣೆಗೆ ಹೋಗಿ’ ಎನ್ನುವುದು. ಬಿಎನ್‌ಎಸ್‌ಎಸ್ ಕಲಂ 173 ಆ ಮಾತಿಗೆ ಜಾಗವನ್ನೇ ಉಳಿಸಿಲ್ಲ. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಎಲ್ಲಿ ನಡೆದಿದ್ದರೂ ಮಾಹಿತಿ ಬಂದ ಠಾಣೆ ಅದನ್ನು ದಾಖಲಿಸಬೇಕು. ಇದೇ ಝೀರೋ ಎಫ್‌ಐಆರ್. ಬಳಿಕ ಅದನ್ನು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಿದರಾಯಿತು. ಮಾಹಿತಿ ಇ–ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಬರಬಹುದು. ಕಳಿಸಿದವರು ಮೂರು ದಿನದೊಳಗೆ ಸಹಿ ಹಾಕಬೇಕು ಅಷ್ಟೆ. ಎಫ್‌ಐಆರ್ ಪ್ರತಿಯನ್ನು ಫಿರ್ಯಾದಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು.

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಅಧಿಕಾರಿಯ ಮರ್ಜಿಗೆ ಬಿಟ್ಟ ವಿಷಯವಲ್ಲ, ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ಕಾನೂನು ಒಂದು ಸೀಮಿತ ಅವಕಾಶ ಕೊಟ್ಟಿದೆ. ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮೇಲ್ನೋಟಕ್ಕೆ ಪ್ರಕರಣ ಇದೆಯೇ ಎಂದು ನೋಡಲು ಕೊಟ್ಟ ಅವಧಿ ಅದು. ದೂರುದಾರರನ್ನು ಅಲೆದಾಡಿಸಲು ಕೊಟ್ಟ ರಹದಾರಿಯಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಅತ್ಯಾಚಾರದಂಥ ಅಪರಾಧಗಳ ಮಾಹಿತಿ ದಾಖಲಿಸದ ಅಧಿಕಾರಿಗೆ ಬಿಎನ್‌ಎಸ್ ಕಲಂ 199ರಡಿ ಕನಿಷ್ಠ ಆರು ತಿಂಗಳ ಕಠಿಣ ಶಿಕ್ಷೆಯೇ ಇದೆ.

ಮತ್ತೆ ಆ ಹೆಂಗಸಿನ ದೂರಿಗೆ ಬರೋಣ. ಬರೆದುಕೊಳ್ಳುವ ಅಧಿಕಾರಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ‘ಸರ ಕಿತ್ತಾಗ ನಿಮಗೆ ಏಟಾಯಿತೇ ಅಮ್ಮ? ತಳ್ಳಿದರೇ, ಹೆದರಿಸಿದರೇ?’ ಇಡೀ ಪ್ರಕರಣದ ದಿಕ್ಕು ಈ ಉತ್ತರದ ಮೇಲೆ ನಿಂತಿದೆ. ಬರಿ ಹಠಾತ್ತನೆ ಕಸಿದು ಓಡಿದ್ದರೆ ಅದು ಬಿಎನ್‌ಎಸ್ ಕಲಂ 304, ಅಂದರೆ ಕಸಿದುಕೊಳ್ಳುವಿಕೆ. ಐಪಿಸಿಯಲ್ಲಿ ಇದಕ್ಕೆ ಪ್ರತ್ಯೇಕ ಕಲಮೇ ಇರಲಿಲ್ಲ. ಶಿಕ್ಷೆ ಮೂರು ವರ್ಷದವರೆಗೆ. ಸರ ಕೀಳಲೆಂದೇ ಅಥವಾ ಅದನ್ನು ಒಯ್ಯಲೆಂದೇ ಆಕೆಗೆ ಹೊಡೆದಿದ್ದರೆ, ಚಾಕು ತೋರಿಸಿ ಜೀವಭಯ ಹುಟ್ಟಿಸಿದ್ದರೆ ಅದು ಕಲಂ 309ರ ಸುಲಿಗೆ. ಶಿಕ್ಷೆ ಹತ್ತು ವರ್ಷದವರೆಗೆ ಏರುತ್ತದೆ. ಹೆದ್ದಾರಿಯಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ನಡೆದಿದ್ದರೆ 14 ವರ್ಷದವರೆಗೆ. ಸುಲಿಗೆ ಮಾಡುವಾಗ ಗಾಯಪಡಿಸಿದ್ದರೆ ಜೀವಾವಧಿಯೂ ಆಗಬಹುದು. ಕತ್ತಿನ ಮೇಲಿನ ಗೀರು, ಬಿದ್ದಾಗ ತರಚಿದ ಮೊಣಕೈ ಎಫ್‌ಐಆರಿನಲ್ಲಿ ಬರದಿದ್ದರೆ, ಆಕೆಯನ್ನು ಆಸ್ಪತ್ರೆಗೆ ಕಳಿಸಿ ಗಾಯದ ಪ್ರಮಾಣಪತ್ರ ಪಡೆಯದಿದ್ದರೆ, ಆರು ತಿಂಗಳ ಮೇಲೆ ಯಾವ ವಕೀಲರೂ ಅದನ್ನು ಸೇರಿಸಲಾರರು. ಸೇರಿಸಲು ಹೋದರೆ ‘ಇದು ಆಮೇಲೆ ಹೊಳೆದ ಕಥೆ’ ಎಂಬ ವಾದ ಎದುರಾಗುತ್ತದೆ.

ಮಹಜರಿನಲ್ಲಿ ಬೀದಿದೀಪ ಇದೆಯೇ?

ಮುಂದಿನ ಹೆಜ್ಜೆ ಸ್ಥಳ ಮಹಜರು. ಹೊಸದಾಗಿ ಬಂದ ಅಧಿಕಾರಿಗಳು ಬಹಳ ಸಲ ಇದನ್ನು ಹಳೆಯ ಫೈಲಿನ ನಕಲಿನಂತೆ ಬರೆದುಬಿಡುತ್ತಾರೆ. ‘ಪಂಚರ ಸಮಕ್ಷಮ ಘಟನಾ ಸ್ಥಳ ಪರಿಶೀಲಿಸಲಾಗಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಖಾಲಿ ನಿವೇಶನ.’ ಅಲ್ಲಿಗೆ ಮುಗಿಯಿತು. ಈಗ ವಿಚಾರಣೆಯ ದಿನವನ್ನು ನೆನೆಯಿರಿ. ಆರೋಪಿ ಪರ ವಕೀಲರು ಆ ಹೆಂಗಸನ್ನು ಕೇಳುತ್ತಾರೆ: ‘ಏಳು ಗಂಟೆಗೆ ಕತ್ತಲಾಗಿತ್ತು ಅಲ್ಲವೇ? ಹೆಲ್ಮೆಟ್ ಇತ್ತೇ? ಮುಖ ಹೇಗೆ ಕಂಡಿತು?’ ಆಕೆ ‘ಲೈಟು ಇತ್ತು’ ಎನ್ನುತ್ತಾರೆ. ಮಹಜರಿನಲ್ಲಿ ಬೀದಿದೀಪದ ಮಾತೇ ಇಲ್ಲ. ನಕ್ಷೆಯಲ್ಲಿ ಕಂಬವೂ ಇಲ್ಲ. ಗುರುತಿಸುವಿಕೆಯ ಸಾಕ್ಷ್ಯ ಅಲ್ಲೇ ಸಡಿಲವಾಯಿತು. ಸ್ಥಳದಿಂದ ಎಷ್ಟು ಅಡಿ ದೂರದಲ್ಲಿ ಕಂಬವಿತ್ತು, ದೀಪ ಉರಿಯುತ್ತಿತ್ತೇ, ಎದುರಿನ ಅಂಗಡಿಯ ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು, ಮಣ್ಣಿನಲ್ಲಿ ಕರಿಮಣಿ ಬಿದ್ದಿತ್ತೇ ಎಂಬುದನ್ನು ಅರ್ಧ ಗಂಟೆ ನಿಂತು ನೋಡಿ ಬರೆದ ಅಧಿಕಾರಿಯ ಪ್ರಕರಣಕ್ಕೆ ಬೆನ್ನೆಲುಬು ಇರುತ್ತದೆ.

ಪಂಚರ ಆಯ್ಕೆಯೂ ಅಷ್ಟೇ ಮುಖ್ಯ. ಶೋಧನೆಗೆ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಸ್ಥ ನಿವಾಸಿಗಳು ಬೇಕು ಎನ್ನುತ್ತದೆ ಕಾನೂನು. ಠಾಣೆಯ ಪಕ್ಕದ ಚಹಾ ಅಂಗಡಿಯವನೇ ಪ್ರತಿ ಕೇಸಿನಲ್ಲೂ ಪಂಚನಾದರೆ ನ್ಯಾಯಾಧೀಶರಿಗೆ ಅನುಮಾನ ಬರುವುದು ಸಹಜ. ಈಗ ಬಿಎನ್‌ಎಸ್‌ಎಸ್ ಕಲಂ 105ರ ಪ್ರಕಾರ ಶೋಧನೆ ಮತ್ತು ಜಪ್ತಿಯ ಪೂರ್ತಿ ಪ್ರಕ್ರಿಯೆ, ಜಪ್ತಿ ಪಟ್ಟಿ ತಯಾರಿಸಿ ಸಾಕ್ಷಿಗಳು ಸಹಿ ಹಾಕುವ ತನಕ, ವಿಡಿಯೊದಲ್ಲಿ ದಾಖಲಾಗಬೇಕು. ಮೊಬೈಲ್ ಫೋನ್ ಸಾಕು. ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಕಲಂ 176 ಹೇಳುತ್ತದೆ. ಐದು ವರ್ಷದೊಳಗೆ ರಾಜ್ಯಗಳು ಇದನ್ನು ಜಾರಿಗೆ ತರಬೇಕು. ಮೊದಲ ಗಂಟೆಯಲ್ಲಿ ‘ಏಟಾಯಿತೇ’ ಎಂದು ಕೇಳಿದ್ದರ ಬೆಲೆ ಇಲ್ಲೂ ತಿಳಿಯುತ್ತದೆ. ಬಿಎನ್‌ಎಸ್ ಕಲಂ 304 ಆ ಮಿತಿಯ ಕೆಳಗಿದೆ, 309 ಮೇಲಿದೆ.

ಅಂಗಡಿಯ ಸಿಸಿಟಿವಿ ದೃಶ್ಯವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರೆ ಕೆಲಸ ಮುಗಿಯುವುದಿಲ್ಲ. ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನು ಅದರಲ್ಲಿ ನಮೂದಿಸಬೇಕು. ಆ ದೃಶ್ಯವನ್ನು ಆಮೇಲೆ ಯಾರೂ ತಿದ್ದಿಲ್ಲ ಎಂದು ತೋರಿಸಲು ಇರುವ ದಾರಿ ಅದು. ಸಾಕ್ಷಿಗಳ ಹೇಳಿಕೆಯ ವಿಷಯದಲ್ಲೂ ಒಂದು ಎಚ್ಚರ ಬೇಕು. ಬಿಎನ್‌ಎಸ್‌ಎಸ್ ಕಲಂ 180ರಡಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬಾರದು. ಅನುಭವಿಗಳೇ ಇರುವ ಠಾಣೆಯಲ್ಲೂ ಈ ತಪ್ಪು ನಡೆದೀತು, ಏಕೆಂದರೆ ಸಹಿ ಇದ್ದರೆ ಭದ್ರ ಎಂಬ ಭಾವನೆ ನಮ್ಮಲ್ಲಿ ಗಟ್ಟಿ.

ಹಿಡಿಯುವ ಅಧಿಕಾರ, ಹಿಡಿಯುವ ಕಾರಣ

ಬೈಕಿನ ನಂಬರ್ ಸಿಕ್ಕಿತು, ಒಬ್ಬ ಶಂಕಿತನ ಸುಳಿವೂ ಸಿಕ್ಕಿತು ಎನ್ನಿ. ಈಗ ದಸ್ತಗಿರಿ. ಇಲ್ಲಿ ಹೊಸ ಅಧಿಕಾರಿ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕಾದ ಮಾತನ್ನು ಸುಪ್ರೀಂ ಕೋರ್ಟ್ 1994ರಲ್ಲಿ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ: ಬಂಧಿಸುವ ಅಧಿಕಾರ ಇರುವುದು ಒಂದು, ಬಂಧಿಸಲು ಸಕಾರಣ ಇರುವುದು ಇನ್ನೊಂದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಿಎನ್‌ಎಸ್‌ಎಸ್ ಕಲಂ 35 ಕಾರಣಗಳನ್ನು ಎಣಿಸಿ ಹೇಳುತ್ತದೆ. ಆತ ಮತ್ತೆ ಅಪರಾಧ ಮಾಡದಂತೆ ತಡೆಯಲು, ಸರಿಯಾದ ತನಿಖೆಗೆ, ಸಾಕ್ಷ್ಯ ನಾಶವಾಗದಿರಲು, ಸಾಕ್ಷಿಗಳನ್ನು ಬೆದರಿಸದಿರಲು, ನ್ಯಾಯಾಲಯಕ್ಕೆ ಹಾಜರಾಗುವುದನ್ನು ಖಾತರಿಪಡಿಸಲು ಬಂಧನ ಅಗತ್ಯವೇ? ಅಗತ್ಯವೆಂದರೆ ಕಾರಣ ಬರೆಯಬೇಕು. ಅಲ್ಲವೆಂದರೂ ಕಾರಣ ಬರೆಯಬೇಕು, ಹಾಜರಾಗುವಂತೆ ನೋಟಿಸ್ ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಈ ನಿಯಮಕ್ಕೆ ಹಲ್ಲು ಕೊಟ್ಟಿತು. ಅಂಥ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಆರೋಪಿ 60 ವರ್ಷ ದಾಟಿದವರಾಗಿದ್ದರೆ ಅಥವಾ ಅಶಕ್ತರಾಗಿದ್ದರೆ ಡಿವೈಎಸ್‌ಪಿ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ.

ಬಂಧಿಸುವುದೇ ಆದರೆ ಒಂದಾದ ಮೇಲೊಂದು ಕರ್ತವ್ಯಗಳು ಬರುತ್ತವೆ. ಅಧಿಕಾರಿಯ ಹೆಸರು ಕಾಣುವಂತಿರಬೇಕು. ದಸ್ತಗಿರಿ ಮೆಮೊಗೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. ಬಂಧನಕ್ಕೆ ಕಾರಣವೇನೆಂದು ಆತನಿಗೆ ತಿಳಿಸಬೇಕು, ಮನೆಯವರಿಗೂ ತಿಳಿಸಬೇಕು. ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಬಂಧಿಸುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಅಧಿಕಾರಿಯಿಂದ. ಇವುಗಳಲ್ಲಿ ಹಲವು 1996ರ ಡಿ.ಕೆ. ಬಸು ತೀರ್ಪಿನಿಂದ ಬಂದು ಕಾನೂನಿನೊಳಗೆ ಸೇರಿದವು. ಕಾರಣ ತಿಳಿಸುವುದು ಮತ್ತು 24 ಗಂಟೆಯ ಮಿತಿ ಸಂವಿಧಾನದ 22ನೇ ವಿಧಿಯಲ್ಲೇ ಇವೆ. ಇತ್ತೀಚೆಗೆ, ಕಾರಣ ತಿಳಿಸಲಿಲ್ಲವೆಂಬ ಒಂದೇ ನೆಲೆಯಲ್ಲಿ ಸುಪ್ರೀಂ ಕೋರ್ಟ್ ಬಂಧನಗಳನ್ನೇ ಅಸಿಂಧುಗೊಳಿಸಿದೆ. ಎಷ್ಟು ಶ್ರಮಪಟ್ಟು ಹಿಡಿದಿದ್ದರೂ ಒಂದು ಹಾಳೆ ಕೊಡದ ಕಾರಣಕ್ಕೆ ಆರೋಪಿ ಹೊರಗೆ ನಡೆಯುತ್ತಾನೆ.

ಕೈಕೋಳದ ವಿಷಯದಲ್ಲಿ ನಮ್ಮದೇ ಹೈಕೋರ್ಟಿನ ಪಾಠವಿದೆ. ಕಾರಣವಿಲ್ಲದೆ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ತೊಡಿಸಿದ್ದಕ್ಕೆ ಧಾರವಾಡ ಪೀಠ 2022ರಲ್ಲಿ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಹೊಸ ಕಾನೂನು ಕೋಳಕ್ಕೆ ಅವಕಾಶ ಕೊಟ್ಟಿದೆ, ಆದರೆ ರೂಢಿಗತ ಅಪರಾಧಿ, ತಪ್ಪಿಸಿಕೊಂಡವನು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಹೆಸರಿಸಿದ ಅಪರಾಧಗಳಿಗೆ ಮಾತ್ರ. ನಮ್ಮ ಉದಾಹರಣೆಯ ಸರಗಳ್ಳ ಮೊದಲ ಸಲ ಸಿಕ್ಕಿಬಿದ್ದವನಾದರೆ ಆ ಪಟ್ಟಿಯಲ್ಲಿಲ್ಲ. ಕೋಳ ತೊಡಿಸಿ ಟಿವಿ ಕ್ಯಾಮೆರಾ ಮುಂದೆ ಸಾಲಾಗಿ ನಿಲ್ಲಿಸುವುದರಿಂದ ಇನ್ನೊಂದು ನಷ್ಟವೂ ಇದೆ. ಗುರುತು ಪತ್ತೆ ಪೆರೇಡ್‌ಗೆ ಮೊದಲೇ ಆ ಹೆಂಗಸು ಆತನ ಮುಖವನ್ನು ಟಿವಿಯಲ್ಲಿ ನೋಡಿಬಿಟ್ಟರೆ, ಆಮೇಲೆ ಆಕೆ ತೋರಿಸುವ ಗುರುತಿಗೆ ಬೆಲೆಯಿಲ್ಲ.

ಬಾಯಿಬಿಡಿಸುವುದು ತನಿಖೆಯಲ್ಲ

ಈಗ ಬರುವುದು ಅತಿ ದೊಡ್ಡ ಪ್ರಲೋಭನೆ: ಆರೋಪಿಯ ಬಾಯಿಬಿಡಿಸುವುದು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ ಕಲಂ 25, ಈಗ ಸಾಕ್ಷ್ಯ ಅಧಿನಿಯಮದ ಕಲಂ 23. ಬ್ರಿಟಿಷರ ಕಾಲದ ಕಾನೂನೇ ತನ್ನ ಪೊಲೀಸರನ್ನು ಈ ವಿಷಯದಲ್ಲಿ ನಂಬಲಿಲ್ಲ. ಒಂದೇ ಒಂದು ವಿನಾಯಿತಿ ಇದೆ. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಭಾಗವಷ್ಟೇ ಸಾಕ್ಷ್ಯವಾಗುತ್ತದೆ.

‘ನಾನೇ ಸರ ಕಿತ್ತೆ, ಅದನ್ನು ಅಡವಿಟ್ಟ ಅಂಗಡಿ ತೋರಿಸುತ್ತೇನೆ ಬನ್ನಿ’ ಎಂದು ಆತ ಹೇಳಿದ ಎನ್ನಿ. ‘ನಾನೇ ಕಿತ್ತೆ’ ಎಂಬುದನ್ನು ನ್ಯಾಯಾಲಯ ನೋಡುವುದಿಲ್ಲ. ‘ಅಂಗಡಿ ತೋರಿಸುತ್ತೇನೆ’ ಎಂಬುದನ್ನು, ಅಲ್ಲಿ ಸರ ನಿಜವಾಗಿ ಸಿಕ್ಕರೆ, ನೋಡುತ್ತದೆ. ಆದ್ದರಿಂದ ಅಲ್ಲಿಗೆ ಹೋಗುವಾಗ ಪಂಚರು ಜೊತೆಗಿರಬೇಕು, ವಿಡಿಯೊ ಇರಬೇಕು, ಸರದ ತೂಕ, ಕೊಂಡಿಯ ವಿನ್ಯಾಸ, ಹೆಂಗಸು ಎಫ್‌ಐಆರಿನಲ್ಲಿ ಹೇಳಿದ ಗುರುತು ಎಲ್ಲವೂ ತಾಳೆಯಾಗಬೇಕು. ಸರ ಮೊದಲೇ ಪೊಲೀಸರ ಕೈಸೇರಿದ್ದು, ಆಮೇಲೆ ‘ತೋರಿಸಿದ’ ಎಂದು ಬರೆದರೆ ಪಾಟಿ ಸವಾಲಿನಲ್ಲಿ ಅದು ನಿಲ್ಲುವುದಿಲ್ಲ.

ಹೊಡೆದು ಬಾಯಿಬಿಡಿಸುವುದು ಸ್ವತಃ ಅಪರಾಧ. ತಪ್ಪೊಪ್ಪಿಗೆಗಾಗಿ ಅಥವಾ ಕಳವು ಮಾಲಿಗಾಗಿ ಗಾಯಪಡಿಸಿದರೆ ಬಿಎನ್‌ಎಸ್ ಕಲಂ 120ರಡಿ ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಶಿಕ್ಷೆ. ಅಂದರೆ ಮೂರು ವರ್ಷದ ಅಪರಾಧ ಮಾಡಿದವನನ್ನು ಹೊಡೆದ ಅಧಿಕಾರಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಶಿಕ್ಷೆ ಕಾದಿದೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್‌ಗಳನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆ ತೀರ್ಪಿನ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಕಸ್ಟಡಿಗೆ ಕೇಳಲೂ ಗಡಿಯಾರ ಇದೆ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರಬಾರದು. ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ಕಂತುಗಳಲ್ಲಿ ಕೇಳಬಹುದು. ಹತ್ತು ವರ್ಷ ಅಥವಾ ಹೆಚ್ಚು, ಜೀವಾವಧಿ, ಮರಣದಂಡನೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಸಂತ್ರಸ್ತರಿಗೂ ಈಗ ಒಂದು ಹಕ್ಕಿದೆ: ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ಅವರಿಗೆ ತಿಳಿಸಬೇಕು. ಸರ ಕಳೆದುಕೊಂಡ ಹೆಂಗಸು ವಾರಕ್ಕೊಮ್ಮೆ ಠಾಣೆಯ ಬೆಂಚಿನ ಮೇಲೆ ಕಾದು ಕೂರುವ ಗತಿ ಬರಬಾರದು.

ಆತುರದ ಬೆಲೆ

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಮ್ಮ ರಾಜ್ಯದ್ದೇ ಘಟನೆ ಹೇಳಬೇಕು. ಕೊಡಗಿನ ಕೂಲಿ ಕಾರ್ಮಿಕನೊಬ್ಬ ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟ. ಮುಂದೆ ಪಕ್ಕದ ಜಿಲ್ಲೆಯಲ್ಲಿ ಸಿಕ್ಕ ಅಸ್ಥಿಪಂಜರವೊಂದನ್ನು ಆಕೆಯದೆಂದು ನಿರ್ಧರಿಸಿ, ಗಂಡನ ಮೇಲೆಯೇ ಕೊಲೆ ಆರೋಪ ಹೊರಿಸಲಾಯಿತು. ಆತ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ನ್ಯಾಯಾಲಯ ಆತನನ್ನು ದೋಷಮುಕ್ತಗೊಳಿಸಿ ಪರಿಹಾರಕ್ಕೆ ಆದೇಶಿಸಿತು. ಮೃತದೇಹ ಯಾರದ್ದು ಎಂದು ಖಚಿತಪಡಿಸಿಕೊಳ್ಳುವುದು ಕೊಲೆ ತನಿಖೆಯ ಮೊದಲ ಹೆಜ್ಜೆ. ಆ ಹೆಜ್ಜೆ ತಪ್ಪಿದ್ದರಿಂದ ಒಬ್ಬ ಬಡವನ ಬದುಕಿನ ವರ್ಷಗಳು ಹೋದವು. ಅಷ್ಟೇ ಅಲ್ಲ, ಆ ಅಸ್ಥಿಪಂಜರ ಯಾರದ್ದೋ ಅವರಿಗೂ ನ್ಯಾಯ ಸಿಗಲಿಲ್ಲ. ತಪ್ಪು ವ್ಯಕ್ತಿಯನ್ನು ಹಿಡಿದ ಪ್ರತಿ ಪ್ರಕರಣದಲ್ಲೂ ಈ ಎರಡನೆಯ ಅನ್ಯಾಯ ಅಡಗಿರುತ್ತದೆ.

ಠಾಣೆಗಳಲ್ಲಿ ಒತ್ತಡವಿದೆ, ಸಿಬ್ಬಂದಿ ಸಾಲದು, ಬಂದೋಬಸ್ತಿನ ನಡುವೆ ತನಿಖೆಗೆ ಹೊತ್ತು ಸಿಗುವುದಿಲ್ಲ, ಮೇಲಿನವರಿಗೆ ಬೇಗ ‘ಪತ್ತೆ’ ಬೇಕು. ಇದೆಲ್ಲ ನಿಜ. ಅದಕ್ಕೆ ಸರ್ಕಾರ ಉತ್ತರ ಹೇಳಬೇಕು. ಆದರೆ ಮಹಜರಿನಲ್ಲಿ ಬೀದಿದೀಪ ಬರೆಯಲು ಹೆಚ್ಚುವರಿ ಸಿಬ್ಬಂದಿ ಬೇಕಿಲ್ಲ. ಬಂಧನದ ಕಾರಣವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೈಗಿಡಲು ಬಜೆಟ್ ಬೇಕಿಲ್ಲ.

ಪರೀಕ್ಷೆಗೆ ಓದುತ್ತಿರುವವರಿಗೆ ನನ್ನ ಸಲಹೆ ಎರಡು. ಗೈಡುಗಳನ್ನು ಬದಿಗಿಟ್ಟು ಬಿಎನ್‌ಎಸ್‌ಎಸ್‌ನ ಮೂಲ ಪಠ್ಯದಲ್ಲಿ ಕಲಂ 35ರಿಂದ 58ರವರೆಗೆ, ಆಮೇಲೆ 173ರಿಂದ 193ರವರೆಗೆ ಒಂದೊಂದೇ ಸಾಲು ಓದಿ. ಸಾಕ್ಷ್ಯ ಅಧಿನಿಯಮದ ಕಲಂ 23 ಮತ್ತು 63 ಅದರ ಜೊತೆಗಿರಲಿ. ಎರಡನೆಯದು, ನಿಮ್ಮ ಊರಿನ ನ್ಯಾಯಾಲಯಕ್ಕೆ ಹೋಗಿ. ಸಾಮಾನ್ಯವಾಗಿ ಕ್ರಿಮಿನಲ್ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ತನಿಖಾಧಿಕಾರಿಯೊಬ್ಬರ ಪಾಟಿ ಸವಾಲನ್ನು ಪೂರ್ತಿ ಕೇಳಿ. ಯಾವ ಪ್ರಶ್ನೆಗೆ ಅವರು ಫೈಲು ತೆರೆದು ಧೈರ್ಯವಾಗಿ ಉತ್ತರ ಕೊಟ್ಟರು, ಯಾವುದಕ್ಕೆ ‘ನೆನಪಿಲ್ಲ’ ಎಂದರು ಎಂಬುದನ್ನು ಗಮನಿಸಿ. ಧೈರ್ಯವಾಗಿ ಉತ್ತರ ಬಂದದ್ದು ಅಂದಂದಿನ ಕೆಲಸವನ್ನು ಅಂದಂದೇ ಸರಿಯಾಗಿ ಮಾಡಿ ಬರೆದಿಟ್ಟ ಕಡೆಯಲ್ಲಿ ಎಂಬುದು ನಿಮಗೇ ತಿಳಿಯುತ್ತದೆ. ಅಂಥ ಅಧಿಕಾರಿಯನ್ನು ಫಿರ್ಯಾದಿ ನಂಬುತ್ತಾರೆ, ನ್ಯಾಯಾಲಯ ನಂಬುತ್ತದೆ, ಆರೋಪಿಯೂ ನಂಬುತ್ತಾನೆ. ಈ ರಾಜ್ಯಕ್ಕೆ ಬೇಕಿರುವುದು ಅಂಥ ಪೊಲೀಸರು.